ಹೊಸಬರ ಕೈಗೆ ಮೊದಲ ದಿನ ಏನು ಕೊಡಬೇಕು?

ಉದ್ಯೋಗ ಅಂಕಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಐದು ಪತ್ರಗಳು ಒಂದಲ್ಲ ಒಂದು ರೀತಿಯಲ್ಲಿ, ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಕೊಡುವ ‘ವೆಲ್‌ಕಮ್ ಕಿಟ್’ ಕುರಿತೇ ಇದ್ದುದರಿಂದ ಅವನ್ನು ಒಟ್ಟಿಗೇ ಎತ್ತಿಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ. ಪತ್ರಗಳನ್ನು ತುಸು ಮೊಟಕುಗೊಳಿಸಿದ್ದೇನೆ.

ಪ್ರಶ್ನೆ: ಮಾನ್ಯರೇ, ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಚಿಕ್ಕಪ್ಪನವರ ಸಿದ್ಧ ಉಡುಪು ಘಟಕದಲ್ಲಿ ನಾನು ಕಚೇರಿಯ ಕೆಲಸ ನೋಡಿಕೊಳ್ಳುತ್ತೇನೆ. ಈಗ 34 ಜನರಿದ್ದೇವೆ. ಮುಂದಿನ ತಿಂಗಳು ಹನ್ನೆರಡು ಮಂದಿ ಟೇಲರ್‌ಗಳೂ ಇಬ್ಬರು ಲೆಕ್ಕ ಬರೆಯುವವರೂ ಸೇರುತ್ತಿದ್ದಾರೆ. ಬೆಂಗಳೂರಿನಲ್ಲಿರುವ ನನ್ನ ಗೆಳತಿ ತನ್ನ ಕಂಪನಿಯವರು ಮೊದಲ ದಿನ ಕೊಟ್ಟ ಪೆಟ್ಟಿಗೆಯ ಫೋಟೊ ಕಳಿಸಿದ್ದಳು. ಅದರಲ್ಲಿ ಟೀ ಶರ್ಟ್, ಮಗ್, ಬಾಟಲಿ, ಡೈರಿ, ಚಾಕೊಲೇಟ್ ಎಲ್ಲ ಇದ್ದವು. ಅದನ್ನು ನೋಡಿದ ಚಿಕ್ಕಪ್ಪ, ‘ನಾವೂ ಹಂಗೇ ಒಂದು ಮಾಡೋಣ ಕಣಮ್ಮ, ತಲೆಗೆ ಎಂಟುನೂರು ರೂಪಾಯಿ ತೆಗೆದಿಡು’ ಎಂದಿದ್ದಾರೆ. ಆ ಹಣದಲ್ಲಿ ಏನೇನು ಸೇರಿಸಬಹುದು?

ಉತ್ತರ: ಎಂಟುನೂರು ರೂಪಾಯಿಯ ಲೆಕ್ಕವನ್ನು ಆಮೇಲೆ ನೋಡೋಣ. ಅದಕ್ಕೂ ಮೊದಲು ನನ್ನದೇ ಒಂದು ಹಳೆಯ ಪ್ರಸಂಗ ಹೇಳಬೇಕು. ನಾನು ಮೊದಲ ಕೆಲಸಕ್ಕೆ ಸೇರಿದ ದಿನ ಆ ಸಂಸ್ಥೆಯವರು ನನಗೆ ಹಾರ ಹಾಕಿ, ಸಿಹಿ ತಿನ್ನಿಸಿ, ದಪ್ಪ ರಟ್ಟಿನ ಡೈರಿಯೊಂದನ್ನು ಕೈಗಿತ್ತರು. ಜೂನ್ ತಿಂಗಳಾದ್ದರಿಂದ ಅರ್ಧ ಡೈರಿ ಆಗಲೇ ಹಳೆಯದಾಗಿತ್ತು, ಅದು ಹೋಗಲಿ. ಮಧ್ಯಾಹ್ನ ಕ್ಯಾಂಟೀನಿಗೆ ಹೋದರೆ ಬಡಿಸುವವನು ಕೂಪನ್ ಕೇಳಿದ. ಕೂಪನ್ ಎಲ್ಲಿ ಸಿಗುತ್ತದೆ, ಅದಕ್ಕೆ ಆಗಲೇ ಹಣ ಕೊಡಬೇಕೆ, ಸಂಬಳದಲ್ಲಿ ಹಿಡಿಯುತ್ತಾರೆಯೆ ಎಂಬುದನ್ನು ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ತಾನೇ ಎಲ್ಲರೆದುರು ಹಾರ ಹಾಕಿಸಿಕೊಂಡವನು ಮಧ್ಯಾಹ್ನ ಊಟದ ಚೀಟಿ ಎಲ್ಲಿ ಎಂದು ಕೇಳುವುದು ಹೇಗೆಂಬ ಸಂಕೋಚದಲ್ಲಿ ಎರಡು ದಿನ ಗೇಟಿನ ಹೊರಗಿನ ಗಾಡಿಯಲ್ಲಿ ಮಂಡಕ್ಕಿ ತಿಂದು ಕಾಲ ಹಾಕಿದೆ. ಮೂರನೆಯ ದಿನ ಸ್ಟೋರಿನ ಹಿರಿಯರೊಬ್ಬರು ‘ಯಾಕಪ್ಪಾ, ಊಟಕ್ಕೆ ಬರೋದಿಲ್ಲೇನು’ ಎಂದು ಕೇಳಿ, ನನ್ನನ್ನು ಟೈಮ್ ಆಫೀಸಿನ ಕಿಟಕಿಯ ಬಳಿಗೆ ಕರೆದುಕೊಂಡು ಹೋದರು. ಡೈರಿಯನ್ನು ಎಲ್ಲಿ ಕಳೆದೆನೋ ನೆನಪಿಲ್ಲ. ಆ ಕಿಟಕಿ ಮಾತ್ರ ಈಗಲೂ ಕಣ್ಣ ಮುಂದಿದೆ.

ಹೊಸಬರು ಕೇಳಲು ನಾಚುವ ಇಂಥ ಪ್ರಶ್ನೆಗಳಿಗೆ ಮೊದಲೇ ಉತ್ತರ ಸಿದ್ಧಮಾಡಿಡುವುದು ನಿಮ್ಮ ಮುಖ್ಯ ಕೆಲಸ ಎಂದು ನನ್ನ ಅಭಿಪ್ರಾಯ. ಬಾಟಲಿ, ಚೀಲ ಇತ್ಯಾದಿಗಳು ಅದರ ಜೊತೆಗೆ ಹೋಗಲಿ.

ಕಾಗದಪತ್ರಗಳಿಂದ ಆರಂಭಿಸಿ. ನೇಮಕಾತಿ ಪತ್ರ ಮೊದಲ ದಿನವೇ ಅವರ ಕೈ ಸೇರಬೇಕು. ‘ಮೂರು ತಿಂಗಳು ಕೆಲಸ ನೋಡಿ ಆಮೇಲೆ ಆರ್ಡರ್ ಕೊಟ್ಟರಾಯಿತು’ ಎನ್ನುವ ರೂಢಿ ನಮ್ಮ ಕಡೆಯ ಸಣ್ಣ ಘಟಕಗಳಲ್ಲಿ ಬಹಳ ಕಾಲದಿಂದ ಇದೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಕೆಲಸಗಾರರಿಗೆ ನೇಮಕಾತಿ ಪತ್ರ ಕೊಡುವುದು ಕಡ್ಡಾಯವಾದ ಮೇಲೆ ಆ ರೂಢಿಯನ್ನು ಮುಂದುವರಿಸಲು ನಿಮಗೆ ಯಾವ ಆಸರೆಯೂ ಉಳಿದಿಲ್ಲ. ಪ್ರೊಬೇಷನ್ ಅವಧಿ ಬೇಕೆಂದಿದ್ದರೆ ಅದನ್ನು ಪತ್ರದಲ್ಲಿಯೇ ಬರೆಯಿರಿ, ಪತ್ರವನ್ನೇ ತಡೆಹಿಡಿಯಬೇಡಿ.

ನಿಮ್ಮ ಘಟಕದಲ್ಲಿ 34 ಜನರಿರುವುದರಿಂದ ಭವಿಷ್ಯನಿಧಿಯೂ (ಪಿಎಫ್) ನೌಕರರ ರಾಜ್ಯ ವಿಮೆಯೂ (ಇಎಸ್‌ಐ) ಎರಡೂ ಅನ್ವಯಿಸುತ್ತವೆ. ಮೊದಲನೆಯದಕ್ಕೆ 20, ಎರಡನೆಯದಕ್ಕೆ 10 ಜನರಿದ್ದರೆ ಸಾಕು. ತಿಂಗಳ ವೇತನ 21,000 ರೂಪಾಯಿ ಮೀರದವರೆಲ್ಲರೂ ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಈ ನೋಂದಣಿಯನ್ನು ‘ಮೊದಲ ಸಂಬಳದ ಹೊತ್ತಿಗೆ ಮಾಡೋಣ’ ಎಂದು ಮುಂದೂಡುವವರನ್ನು ನಾನು ಬಹಳ ನೋಡಿದ್ದೇನೆ. ಕೆಲಸದ ವೇಳೆ ಆಗುವ ಗಾಯಕ್ಕೆ ಇಎಸ್‌ಐ ರಕ್ಷಣೆ ಸೇರಿದ ದಿನದಿಂದಲೇ ಇದೆ, ಅದಕ್ಕೆ ಇಂತಿಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ನಿಬಂಧನೆಯಿಲ್ಲ; ಯಂತ್ರದ ಸೂಜಿ ಬೆರಳಿಗೆ ಇಳಿಯುವುದಾದರೂ ಕೈ ಇನ್ನೂ ಪಳಗದ ಮೊದಲ ವಾರದಲ್ಲಿಯೇ. ಅಂದು ವಿಮಾ ಸಂಖ್ಯೆ ಇಲ್ಲದೆ ಆಸ್ಪತ್ರೆಯ ಕಿಟಕಿಯ ಮುಂದೆ ನಿಲ್ಲುವ ಸ್ಥಿತಿ ಯಾರಿಗೂ ಬರಬಾರದು. ಸಂಖ್ಯೆ ಬಂದ ಕೂಡಲೇ ಇಎಸ್‌ಐ ಗುರುತಿನ ಚೀಟಿಯಾದ ಇ-ಪೆಹಚಾನ್ ಅನ್ನು ಮುದ್ರಿಸಿ ಪೊಟ್ಟಣದಲ್ಲಿ ಇಡಿ. ದಾವಣಗೆರೆಯಲ್ಲಿಯೇ ಇಎಸ್‌ಐ ಆಸ್ಪತ್ರೆ ಇದೆ ಎಂಬುದೂ, ಗಂಡ, ಮಕ್ಕಳು, ಅವಲಂಬಿತ ತಂದೆತಾಯಿಯರಿಗೂ ಅಲ್ಲಿ ಚಿಕಿತ್ಸೆ ಸಿಗುತ್ತದೆ ಎಂಬುದೂ ಎಷ್ಟೋ ಟೇಲರ್‌ಗಳಿಗೆ ವರ್ಷಗಟ್ಟಲೆ ಗೊತ್ತಿರುವುದಿಲ್ಲ. ಆ ಎರಡು ಸಾಲನ್ನು ಚೀಟಿಗೆ ಪಿನ್ ಮಾಡಿ ಕೊಟ್ಟರೆ ಅದು ಮಗ್‌ಗಿಂತ ಹೆಚ್ಚು ಬಾಳುತ್ತದೆ.

ಭವಿಷ್ಯನಿಧಿಯ ವಿಷಯದಲ್ಲಿ ನಿಮ್ಮನ್ನು ನಿಜವಾಗಿ ಕಾಡುವುದು ಹೆಸರಿನ ಸಮಸ್ಯೆ. ನಮ್ಮ ಕಡೆಯವರ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಇರುತ್ತದೆ, ಆಧಾರ್‌ನಲ್ಲಿ ಮುಂದೆ ಇರುತ್ತದೆ, ಬ್ಯಾಂಕಿನ ಪಾಸ್ ಪುಸ್ತಕದಲ್ಲಿ ಊರಿನ ಹೆಸರೂ ಸೇರಿ ಬಿಡಿಸಿ ಬರೆದಿರುತ್ತದೆ. ಒಂದು ಕಡೆ ಅಮ್ಮ ಇದ್ದರೆ ಇನ್ನೊಂದು ಕಡೆ ಇರುವುದಿಲ್ಲ. ಇದು ಸೇರುವಾಗ ಯಾರ ಕಣ್ಣಿಗೂ ಬೀಳದೆ, ಮಗಳ ಮದುವೆಗೆಂದು ಪಿಎಫ್ ಹಣ ತೆಗೆಯಲು ಹೊರಟಾಗ ಎದುರಾಗುತ್ತದೆ. ಆದ್ದರಿಂದ ಆಧಾರ್, ಪಾನ್, ಪಾಸ್ ಪುಸ್ತಕ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟು, ಹೆಸರು ಮತ್ತು ಹುಟ್ಟಿದ ತಾರೀಖನ್ನು ಅಕ್ಷರ ಅಕ್ಷರವಾಗಿ ಓದಿ ನೋಡಿ, ವ್ಯತ್ಯಾಸವಿದ್ದರೆ ಅಂದೇ ತಿಳಿಸಿ. ಇನ್ನೊಂದು ವಿಚಾರವೂ ಇದೆ. ನಿಮ್ಮಲ್ಲಿಗೆ ಬರುವ ಹನ್ನೆರಡು ಮಂದಿಯಲ್ಲಿ ಕೆಲವರಾದರೂ ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ದುಡಿದು ಊರಿಗೆ ಮರಳಿದವರಿರುತ್ತಾರೆ. ಅವರಿಗೆ ಹಳೆಯ ಯುಎಎನ್, ಅಂದರೆ ಕೆಲಸ ಬದಲಾದರೂ ಬದಲಾಗದ ಪಿಎಫ್ ಸದಸ್ಯ ಸಂಖ್ಯೆ, ಇರಲೇಬೇಕು. ಅದನ್ನು ಕೇಳಿ ಪಡೆದು ಮುಂದುವರಿಸಿ. ಮತ್ತೊಂದು ಸಂಖ್ಯೆ ಸೃಷ್ಟಿಯಾದರೆ ಹಳೆಯ ಹಣವೂ ಪಿಂಚಣಿಯ ಸೇವಾವಧಿಯೂ ಬೇರೆಯಾಗಿಯೇ ಉಳಿದುಬಿಡುತ್ತವೆ. ನಾಮನಿರ್ದೇಶನವನ್ನೂ ಮೊದಲ ವಾರದಲ್ಲಿಯೇ ಮಾಡಿಸಿ. ಪಿಎಫ್ ಸದಸ್ಯರು ಕೆಲಸದಲ್ಲಿರುವಾಗ ತೀರಿಕೊಂಡರೆ ಅದಕ್ಕೆ ಹೊಂದಿಕೊಂಡಿರುವ ವಿಮಾ ಯೋಜನೆಯಿಂದ ಕುಟುಂಬಕ್ಕೆ 7 ಲಕ್ಷ ರೂಪಾಯಿಯವರೆಗೆ ಸಿಗುತ್ತದೆ, ಅದನ್ನು ಯಾರಿಗೆ ಕೊಡಬೇಕೆಂಬುದು ಆ ಒಂದು ನಮೂನೆಯ ಮೇಲೆ ನಿಂತಿರುತ್ತದೆ.

ಸಂಬಳದ ಲೆಕ್ಕವನ್ನೂ ಬಿಡಿಸಿ ಬರೆದು ಕೊಡಿ. ‘ಹದಿನೈದು ಸಾವಿರ’ ಎಂದು ಕೇಳಿಕೊಂಡು ಬಂದವರು ಮೊದಲ ಬಟವಾಡೆಯ ದಿನ ಖಾತೆಯಲ್ಲಿ 13,087 ನೋಡಿದರೆ ಮೋಸವಾಯಿತೆಂದೇ ತಿಳಿಯುತ್ತಾರೆ. 15,000 ರೂಪಾಯಿ ವೇತನಕ್ಕೆ ಶೇ 12ರಂತೆ ಪಿಎಫ್ 1,800, ಶೇ 0.75ರಂತೆ ಇಎಸ್‌ಐ 113, ಉಳಿದದ್ದು 13,087 ಎಂದು ಬರೆಯಿರಿ. ಅದರ ಕೆಳಗೆ, ಇದಲ್ಲದೆ ಸಂಸ್ಥೆ ತನ್ನ ಪಾಲಾಗಿ ಪಿಎಫ್‌ಗೆ 1,800 ಮತ್ತು ಇಎಸ್‌ಐಗೆ ಶೇ 3.25ರಂತೆ 488 ರೂಪಾಯಿ ಕಟ್ಟುತ್ತದೆ, ಆ 1,800ರಲ್ಲಿ 1,250 ಪಿಂಚಣಿಗೆ ಹೋಗುತ್ತದೆ ಎಂದೂ ಬರೆಯಿರಿ. ಲೆಕ್ಕ ಬರೆಯುವ ಇಬ್ಬರ ಸಂಬಳ 25,000 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ವೃತ್ತಿ ತೆರಿಗೆ ತಿಂಗಳಿಗೆ 200, ಫೆಬ್ರುವರಿಯಲ್ಲಿ ಮಾತ್ರ 300 ರೂಪಾಯಿ ಕಡಿತವಾಗುತ್ತದೆಂದು ಅವರ ಹಾಳೆಯಲ್ಲಿ ಸೇರಿಸಿ.

ಇನ್ನು ನಾನು ಒತ್ತಿ ಹೇಳುವ ಒಂದು ಹಾಳೆ ಇದೆ. ಒಂದೇ ಹಾಳೆ, ಒಂದೇ ಮಗ್ಗುಲು, ದಪ್ಪ ಅಕ್ಷರ. ನಾನು ಸಲಹೆಗಾರನಾಗಿ ಹೋದ ಕಡೆಯಲ್ಲೆಲ್ಲ ಬರೆಸುವ ಮಾದರಿ ಹೀಗಿರುತ್ತದೆ: ‘ಬೆಳಿಗ್ಗೆ 9ಕ್ಕೆ ಗೇಟಿನಲ್ಲಿ ನಿಮ್ಮ ಹೆಸರು ಹೇಳಿ, ಪಟ್ಟಿ ಕಾವಲುಗಾರರ ಬಳಿ ಇದೆ. ಬುತ್ತಿಯನ್ನು ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಇಡಬಹುದು, ಊಟದ ಬಿಡುವು 1ರಿಂದ 1.30. ಹೆಂಗಸರ ಶೌಚಾಲಯ ಇಸ್ತ್ರಿ ವಿಭಾಗದ ಹಿಂದಿದೆ. ಹೋಗಲು ಯಾರ ಅಪ್ಪಣೆಯೂ ಬೇಡ, ಪಕ್ಕದವರಿಗೆ ಹೇಳಿದರೆ ಸಾಕು. ಸೂಜಿ ಮುರಿದರೆ ಗಾಬರಿಯಾಗಬೇಡಿ. ಮುರಿದ ಚೂರುಗಳನ್ನೆಲ್ಲ ಹುಡುಕಿ ಸೂಪರ್‌ವೈಸರ್ ಕೈಗೆ ಕೊಟ್ಟು ಹೊಸದನ್ನು ಪಡೆಯಿರಿ, ಅದಕ್ಕೆ ಹಣ ಹಿಡಿಯುವುದಿಲ್ಲ. ಹುಷಾರಿಲ್ಲದಿದ್ದರೆ ಬೆಳಿಗ್ಗೆ 8.30ರೊಳಗೆ ಈ ನಂಬರಿಗೆ ಫೋನ್ ಮಾಡಿ. ಸಂಬಳ ತಿಂಗಳ 7ನೇ ತಾರೀಖಿನೊಳಗೆ ಖಾತೆಗೆ ಬರುತ್ತದೆ.’ ಸೂಜಿಯ ಸಾಲು ಚಿಕ್ಕದೆನಿಸಬಹುದು. ಆದರೆ ಚೂರು ಬಟ್ಟೆಯೊಳಗೆ ಉಳಿದು ಗಿರಾಕಿಯ ಮೈಗೆ ಚುಚ್ಚಿದರೆ ಇಡೀ ಲಾಟು ವಾಪಸು ಬರುತ್ತದೆ. ಹೊಸ ಟೇಲರ್ ದಂಡದ ಹೆದರಿಕೆಯಿಂದ ಮುರಿದ ಸೂಜಿಯನ್ನು ಅಡಗಿಸಿಡುವುದು ಇಂಥ ಒಂದು ಸಾಲು ಇಲ್ಲದಿರುವ ಕಡೆಯಲ್ಲಿಯೇ.

ಅದೇ ಹಾಳೆಯ ಹಿಂಬದಿಗೆ ಹೋಗಬೇಡಿರೆಂದರೂ ರಜೆಯ ಪಟ್ಟಿಗೆ ಹೋಗಲೇಬೇಕಾಗುತ್ತದೆ. 1963ರ ರಾಜ್ಯ ಕಾಯ್ದೆಯ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1, ಇವುಗಳ ಜೊತೆಗೆ ಐದು ಹಬ್ಬದ ರಜೆಗಳು ನಮ್ಮ ಕಾರ್ಖಾನೆಗಳಲ್ಲಿ ನಡೆದುಬಂದಿವೆ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ ಆ ಐದರಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನು ಜಾತ್ರೆಯ ವರ್ಷ ಮೊದಲೇ ಬರೆದುಬಿಡಿ. ಬರೆಯದಿದ್ದರೂ ಅಂದು ಅರ್ಧ ಯಂತ್ರಗಳು ಖಾಲಿ ಇರುತ್ತವೆಂಬುದು ದಾವಣಗೆರೆಯಲ್ಲಿ ಕಾರ್ಖಾನೆ ನಡೆಸುವವರೆಲ್ಲರಿಗೂ ತಿಳಿದ ಸಂಗತಿ, ಜಗಳ ಮಾತ್ರ ಹೆಚ್ಚು.

ನಿಮ್ಮ ಟೇಲರ್‌ಗಳಲ್ಲಿ ಹೆಚ್ಚಿನವರು ಹೆಂಗಸರೇ ಇರುತ್ತಾರೆಂದು ಭಾವಿಸಿ ಇನ್ನೆರಡು ಮಾತು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದಾಗ ರಜೆಯನ್ನು 26 ವಾರಕ್ಕೆ ಏರಿಸಿದ್ದು ಎಲ್ಲರಿಗೂ ನೆನಪಿದೆ. ಕೆಲಸಕ್ಕೆ ಸೇರುವಾಗಲೇ ಆಕೆಗೆ ಈ ಸೌಲಭ್ಯಗಳನ್ನು ಬರಹದಲ್ಲಿ ತಿಳಿಸಬೇಕೆಂದು ಅದೇ ತಿದ್ದುಪಡಿ ಹೇಳಿದ್ದನ್ನು ಬಹುತೇಕರು ಮರೆತಿದ್ದಾರೆ. ಇಎಸ್‌ಐ ಇರುವವರಿಗೆ ಹೆರಿಗೆ ರಜೆಯ ವೇತನವನ್ನು ಇಎಸ್‌ಐ ನಿಗಮವೇ ಕೊಡುತ್ತದೆ, ನಿಮ್ಮ ಚಿಕ್ಕಪ್ಪನವರಿಗೆ ಅದರ ಹೊರೆಯಿಲ್ಲ ಎಂಬುದನ್ನು ಅವರಿಗೂ ತಿಳಿಸಿ. ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಸಮಿತಿಯ ಸದಸ್ಯರ ಹೆಸರು ಮತ್ತು ಫೋನ್ ಸಂಖ್ಯೆ ಗೋಡೆಯ ಮೇಲಿದ್ದರಷ್ಟೇ ಸಾಲದು, ಮನೆಗೆ ಒಯ್ಯುವ ಹಾಳೆಯಲ್ಲಿಯೂ ಇರಲಿ. ಗೋಡೆಯ ಮುಂದೆ ನಿಂತು ಆ ನಂಬರನ್ನು ಬರೆದುಕೊಳ್ಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಈಗ ಎಂಟುನೂರು ರೂಪಾಯಿ. ಟೀ ಶರ್ಟ್ ಬೇಡ. ಸೀರೆ, ಚೂಡಿದಾರದಲ್ಲಿ ಬರುವವರು ಅದನ್ನು ಮನೆಯ ಹುಡುಗರಿಗೆ ಕೊಡುತ್ತಾರೆ. ಮಗ್ ಬೇಡ, ಬಟ್ಟೆಯ ಪಕ್ಕ ಚಹಾ ಇಡಲು ನೀವೇ ಬಿಡುವುದಿಲ್ಲ. ನಮ್ಮ ಬಿಸಿಲಿಗೆ ಒಂದು ಒಳ್ಳೆಯ ಸ್ಟೀಲ್ ನೀರಿನ ಬಾಟಲಿ ಬೇಕು, ಅದರ ಮೇಲೆ ಸಂಸ್ಥೆಯ ಹೆಸರಿಗಿಂತ ಅವರ ಹೆಸರು ದೊಡ್ಡದಾಗಿರಲಿ, ಏಕೆಂದರೆ ಒಂದೇ ತರಹದ ನಲವತ್ತೆಂಟು ಬಾಟಲಿಗಳಲ್ಲಿ ತಮ್ಮದು ಯಾವುದೆಂದು ಹುಡುಕುವುದು ಕಷ್ಟ. ಟೇಲರ್‌ಗಳಿಗೆ ಅವರದೇ ಆದ ಅಳತೆ ಟೇಪು ಮತ್ತು ದಾರ ಕತ್ತರಿಸುವ ಟ್ರಿಮ್ಮರ್ ಕೊಡಿ. ಚೀಲವನ್ನು ಹೊರಗಿನಿಂದ ಕೊಳ್ಳಬೇಡಿ. ಉಳಿದ ಬಟ್ಟೆಯಲ್ಲಿ ನಿಮ್ಮ ಹಳೆಯ ಟೇಲರ್‌ಗಳೇ ಬುತ್ತಿ ಮತ್ತು ಬಾಟಲಿ ಹಿಡಿಸುವಷ್ಟು ಚೀಲವೊಂದನ್ನು ಹೊಲಿಯಲಿ. ಯಾರು ಹೊಲಿದರೋ ಅವರೇ ಮೊದಲ ದಿನ ಅದನ್ನು ಕೊಟ್ಟು, ಒಂದು ವಾರ ಆ ಹೊಸಬರಿಗೆ ಜೊತೆಯಾಗಿರಲಿ. ನಮ್ಮ ತಂದೆ ಇಲ್ಲಿನ ಹತ್ತಿ ಗಿರಣಿಯೊಂದಕ್ಕೆ ಬದಲಿ ಕೆಲಸಗಾರರಾಗಿ ಸೇರಿದಾಗ ಅವರಿಗೆ ಸಿಕ್ಕಿದ್ದು ನಂಬರು ಕೊರೆದ ಒಂದು ಹಿತ್ತಾಳೆ ಬಿಲ್ಲೆ ಮಾತ್ರ, ಆದರೆ ಜಾಬರ್ (ಕೆಲಸಗಾರರ ಮೇಸ್ತ್ರಿ) ಒಬ್ಬರು ಅವರನ್ನು ಇಡೀ ಗಿರಣಿ ಸುತ್ತಿಸಿ, ಯಾವ ಯಂತ್ರದ ಪಟ್ಟಿಯ ಹತ್ತಿರ ಧೋತರ ಬಿಟ್ಟುಕೊಂಡು ನಿಲ್ಲಬಾರದೆಂದು ತೋರಿಸಿದ್ದನ್ನು ಕೊನೆಯವರೆಗೂ ಹೇಳುತ್ತಿದ್ದರು. ಇಷ್ಟೆಲ್ಲ ಆದ ಮೇಲೆ ಹಣ ಉಳಿಯುತ್ತದೆ. ಅದರಲ್ಲಿ ಹದಿನಾಲ್ಕು ಮಂದಿಯನ್ನೂ ಹಳಬರ ಜೊತೆ ಒಂದು ಸಂಜೆ ಬೆಣ್ಣೆ ದೋಸೆಗೆ ಕರೆದುಕೊಂಡು ಹೋಗಿ, ಚಿಕ್ಕಪ್ಪನವರೂ ಬರಲಿ.

ಪ್ರಶ್ನೆ: ಚಿತ್ರದುರ್ಗದ ಖಾಸಗಿ ಸಂಸ್ಥೆಯೊಂದರಲ್ಲಿ ನಾನು ಸಿಬ್ಬಂದಿ ಕಡತಗಳ ಹೊಣೆ ಹೊತ್ತಿದ್ದೇನೆ. ಹೊಸಬರು ಅರ್ಧಕ್ಕೆ ಬಿಟ್ಟುಹೋಗಬಾರದೆಂದು ಅವರ ಮೂಲ ಅಂಕಪಟ್ಟಿಗಳನ್ನು ಒಂದು ವರ್ಷ ನಮ್ಮಲ್ಲಿಯೇ ಇಟ್ಟುಕೊಳ್ಳುವಂತೆ ವ್ಯವಸ್ಥಾಪಕರು ಹೇಳಿದ್ದಾರೆ. ಸ್ವಾಗತ ಕಡತದಲ್ಲಿ ಅದಕ್ಕೊಂದು ಒಪ್ಪಿಗೆ ಪತ್ರವನ್ನೂ ಸೇರಿಸಬೇಕಂತೆ. ಇದು ಸರಿಯೇ?

ಉತ್ತರ: ಸರಿಯಲ್ಲ. ಅಂಕಪಟ್ಟಿ ಆ ಹುಡುಗನ ಅಥವಾ ಹುಡುಗಿಯ ಸ್ವತ್ತು. ಅದನ್ನು ಒತ್ತೆಯಿಟ್ಟುಕೊಳ್ಳುವ ಹಕ್ಕನ್ನು ಯಾವ ಕಾರ್ಮಿಕ ಕಾನೂನೂ ಮಾಲೀಕರಿಗೆ ಕೊಟ್ಟಿಲ್ಲ. ಮೊದಲ ದಿನ, ಕೆಲಸ ಬೇಕೇಬೇಕೆಂಬ ಸ್ಥಿತಿಯಲ್ಲಿ ಹಾಕಿಸಿಕೊಂಡ ಸಹಿಯನ್ನು ನಾಳೆ ತಕರಾರು ಬಂದಾಗ ಒಪ್ಪಿಗೆಯೆಂದು ತೋರಿಸಲು ನಿಮಗೇ ಮುಜುಗರವಾಗುತ್ತದೆ. ಮೂಲ ಪ್ರತಿಯನ್ನು ಅವರ ಎದುರಿನಲ್ಲಿಯೇ ನೋಡಿ, ಜೆರಾಕ್ಸ್ ಮೇಲೆ ‘ಮೂಲದೊಂದಿಗೆ ಹೋಲಿಸಿ ನೋಡಿದೆ’ ಎಂದು ಬರೆದು ತಾರೀಖು ಹಾಕಿ, ಮೂಲವನ್ನು ಅಲ್ಲಿಯೇ ಹಿಂದಿರುಗಿಸಿ. ಡಿಜಿಲಾಕರ್‌ನಲ್ಲಿ ಅಂಕಪಟ್ಟಿ ಇರುವವರಾದರೆ ಅದರಿಂದಲೇ ಪರಿಶೀಲಿಸಬಹುದು.

ಇದರ ಜೊತೆಗೆ ನೀವು ಕೇಳದ ಒಂದು ಮಾತು. ಆಧಾರ್‌ನ ಫೋಟೊಗಳನ್ನು ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ ಹಾಕಿಸಿಕೊಳ್ಳುವ ಅಭ್ಯಾಸ ಬಹಳ ಕಡೆ ಇದೆ. ಪಿಎಫ್, ಇಎಸ್‌ಐಗಳಿಗೆ ಪೂರ್ಣ ಸಂಖ್ಯೆ ಬೇಕು, ನಿಜ. ಅದು ನಿಮ್ಮೊಬ್ಬರಿಗೆ ಸಿಕ್ಕರೆ ಸಾಕು. ಗುರುತಿನ ಚೀಟಿ ಮುದ್ರಿಸುವವರಿಗೋ ವಾಹನದ ಪಾಸ್ ಬರೆಯುವವರಿಗೋ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೊಟ್ಟರೆ ಏನೂ ಕೊರತೆಯಾಗುವುದಿಲ್ಲ. ವ್ಯವಸ್ಥಾಪಕರ ಚಿಂತೆ ಜನ ಅರ್ಧಕ್ಕೆ ಬಿಟ್ಟುಹೋಗುತ್ತಾರೆಂಬುದಾದರೆ, ಯಾರು ಯಾವ ತಿಂಗಳಲ್ಲಿ ಬಿಟ್ಟರೆಂದು ಹಾಜರಿ ಪುಸ್ತಕ ತೆಗೆದು ನೋಡಲು ಹೇಳಿ. ನಾನು ನೋಡಿದ ಕಡೆಗಳಲ್ಲೆಲ್ಲ ಹೆಚ್ಚಿನವರು ಹೋಗಿರುವುದು ಮೊದಲ ಸಂಬಳದ ಮರುವಾರ, ಅದಕ್ಕೆ ಕಾರಣ ಮಾತಿನಲ್ಲಿ ಹೇಳಿದ ಸಂಬಳವೇ ಬೇರೆ, ಬಂದ ಸಂಬಳವೇ ಬೇರೆ ಆಗಿದ್ದದ್ದು.

ಪ್ರಶ್ನೆ: ನಾನು ದಾವಣಗೆರೆಯ ಒಂದು ಮಾರಾಟ ಸಂಸ್ಥೆಗೆ ಎರಡು ತಿಂಗಳ ಹಿಂದೆ ಸೇರಿದೆ. ಮೊದಲ ದಿನ ಬ್ಯಾಗ್, ಕ್ಯಾಪ್, ಟೀ ಶರ್ಟ್ ಕೊಟ್ಟು ಫೋಟೊ ತೆಗೆದು ಫೇಸ್‌ಬುಕ್‌ನಲ್ಲಿ ಹಾಕಿದರು. ಸಂಬಳದ ಚೀಟಿ ಬಂದಾಗ ‘ಕಿಟ್ ಚಾರ್ಜ್’ ಎಂದು 650 ರೂಪಾಯಿ ಹಿಡಿದಿದ್ದರು. ಕೇಳಿದರೆ ಎಲ್ಲರಿಗೂ ಹೀಗೇ ಎನ್ನುತ್ತಾರೆ.

ಉತ್ತರ: ಉಡುಗೊರೆ ಕೊಟ್ಟು ಬೆಲೆ ಹಿಡಿಯುವುದನ್ನು ನಮ್ಮಲ್ಲಿ ವ್ಯಾಪಾರ ಎನ್ನುತ್ತಾರೆ, ಸ್ವಾಗತ ಎನ್ನುವುದಿಲ್ಲ. ಕಾನೂನಿನ ಪ್ರಕಾರ ವೇತನದಲ್ಲಿ ಯಾವ ಯಾವ ಕಾರಣಕ್ಕೆ ಹಣ ಹಿಡಿಯಬಹುದೆಂಬುದಕ್ಕೆ ಗೊತ್ತಾದ ಪಟ್ಟಿಯಿದೆ: ಪಿಎಫ್, ಇಎಸ್‌ಐ, ತೆರಿಗೆ, ಗೈರುಹಾಜರಿ, ಮುಂಗಡ, ನಿಯಮದಂತೆ ವಿಧಿಸಿದ ದಂಡ ಮುಂತಾದವು. ಉದ್ಯೋಗಿ ಒಪ್ಪದೆ ಮಾಲೀಕರೇ ಕೈಗಿಟ್ಟ ಬ್ಯಾಗು, ಟೋಪಿಗಳ ಬೆಲೆ ಆ ಪಟ್ಟಿಯಲ್ಲಿ ಇಲ್ಲ. ನೀವು ಸೇರುವಾಗ ಸಹಿ ಮಾಡಿದ ಕಾಗದಗಳನ್ನು ಒಮ್ಮೆ ನೋಡಿ. ಅಲ್ಲಿ ಅಂಥ ಒಪ್ಪಿಗೆ ಏನೂ ಇಲ್ಲದಿದ್ದರೆ, ಯಾವ ನಿಯಮದಡಿ ಈ 650 ರೂಪಾಯಿ ಹಿಡಿಯಲಾಗಿದೆ ಎಂದು ಒಂದೇ ಸಾಲಿನಲ್ಲಿ, ಸಿಟ್ಟಿಲ್ಲದೆ, ಇಮೇಲ್ ಮೂಲಕ ಕೇಳಿ. ಬಹಳಷ್ಟು ಸಲ ಆ ಒಂದು ಸಾಲಿಗೆ ಹಣ ಹಿಂದಿರುಗುತ್ತದೆ. ಹಿಂದಿರುಗದಿದ್ದರೆ ಜಿಲ್ಲೆಯ ಕಾರ್ಮಿಕ ಅಧಿಕಾರಿಯ ಕಚೇರಿಗೆ ಸಂಬಳದ ಚೀಟಿಯ ಪ್ರತಿಯೊಂದಿಗೆ ಅರ್ಜಿ ಕೊಡಬಹುದು. ಕೆಲಸಕ್ಕೆ ಅಗತ್ಯವಾದ ಸುರಕ್ಷತಾ ಸಾಮಗ್ರಿ, ಅಂದರೆ ಹೆಲ್ಮೆಟ್, ಕೈಗವಸು, ಕನ್ನಡಕ ಇಂಥವನ್ನು ಕಾರ್ಖಾನೆಗಳಲ್ಲಿ ಮಾಲೀಕರು ಉಚಿತವಾಗಿಯೇ ಒದಗಿಸಬೇಕು ಎಂಬುದನ್ನೂ ಇತರ ಓದುಗರಿಗಾಗಿ ಇಲ್ಲಿ ಸೇರಿಸುತ್ತೇನೆ. ನಿಮ್ಮ ಫೋಟೊವನ್ನು ಕೇಳದೆ ಹಾಕಿದ್ದು ಇಷ್ಟವಾಗದಿದ್ದರೆ ತೆಗೆಯಲು ಹೇಳುವುದರಲ್ಲಿ ತಪ್ಪೇನೂ ಇಲ್ಲ.

ಪ್ರಶ್ನೆ: ಚಿತ್ರದುರ್ಗದಲ್ಲಿರುವ ನಮ್ಮ ಶಾಖೆಗೆ ಬೆಂಗಳೂರಿನ ಮುಖ್ಯ ಕಚೇರಿಯಿಂದ ನಲವತ್ತು ಪುಟದ ಇಂಗ್ಲಿಷ್ ಕೈಪಿಡಿ ಬಂದಿದೆ. ಹೊಸದಾಗಿ ಸೇರುವ ಗೋದಾಮಿನ ಹುಡುಗರಿಗೂ ಚಾಲಕರಿಗೂ ಅದನ್ನು ಕೊಟ್ಟು ಸಹಿ ಪಡೆಯಬೇಕೆಂದಿದ್ದಾರೆ. ಕನ್ನಡಕ್ಕೆ ಅನುವಾದ ಮಾಡಿಸಿದರೆ ಸಾಕೇ?

ಉತ್ತರ: ಅನುವಾದ ಮಾಡಿಸಿ, ಆದರೆ ನಲವತ್ತು ಪುಟವನ್ನೂ ಮಾಡಿಸಬೇಡಿ. ಓದಲಾಗದ ಪುಸ್ತಕಕ್ಕೆ ಪಡೆದ ಸಹಿಯಿಂದ ಮುಖ್ಯ ಕಚೇರಿಯ ಕಡತ ತುಂಬುತ್ತದೆ, ಗೋದಾಮಿನಲ್ಲಿ ಏನೂ ಬದಲಾಗುವುದಿಲ್ಲ. ಅಂಥ ಕೈಪಿಡಿಗಳ ಕನ್ನಡವನ್ನೂ ನಾನು ನೋಡಿದ್ದೇನೆ: ‘ಉದ್ಯೋಗಿಯು ಪೂರ್ವಾನುಮತಿಯಿಲ್ಲದೆ ಗೈರುಹಾಜರಾದಲ್ಲಿ ಶಿಸ್ತುಕ್ರಮಕ್ಕೆ ಗುರಿಯಾಗತಕ್ಕದ್ದು.’ ಹೊಳಲ್ಕೆರೆಯ ಹಳ್ಳಿಯಿಂದ ಬಂದ ಲೋಡಿಂಗ್ ಹುಡುಗನಿಗೆ ಇದರಲ್ಲಿ ಹೆದರಿಕೆ ಮಾತ್ರ ಅರ್ಥವಾಗುತ್ತದೆ. ‘ರಜೆ ಬೇಕಾದರೆ ಹಿಂದಿನ ಸಂಜೆಯೊಳಗೆ ಹೇಳಿ. ಹೇಳದೆ ಮೂರು ದಿನ ಬಾರದಿದ್ದರೆ ನಾವೇ ಮನೆಗೆ ಫೋನ್ ಮಾಡುತ್ತೇವೆ, ಆಮೇಲೂ ಬಾರದಿದ್ದರೆ ನೋಟಿಸ್ ಕಳಿಸುತ್ತೇವೆ’ ಎಂದು ಬರೆದರೆ ನಿಯಮವೂ ಇರುತ್ತದೆ, ದಾರಿಯೂ ಕಾಣುತ್ತದೆ.

ಕೆಲಸದ ವೇಳೆ, ರಜೆ, ಸಂಬಳ, ಸುರಕ್ಷತೆ, ದೂರು, ಬಿಡುವಾಗ ಕೊಡಬೇಕಾದ ನೋಟಿಸ್ ಇವಿಷ್ಟನ್ನು ಆರೇಳು ಪುಟಗಳಲ್ಲಿ ಹೀಗೆ ಬರೆಸಿ, ನಿಮ್ಮ ಹಳೆಯ ಚಾಲಕರೊಬ್ಬರಿಗೆ ಗಟ್ಟಿಯಾಗಿ ಓದಲು ಹೇಳಿ. ಅವರು ಎಲ್ಲಿ ತಡವರಿಸುತ್ತಾರೋ ಆ ವಾಕ್ಯವನ್ನು ತಿದ್ದಿ. ಸಹಿಯನ್ನು ಮೊದಲ ದಿನವೇ ಪಡೆಯದೆ, ಮನೆಗೆ ಒಯ್ದು ಓದಿ ಬರಲು ಒಂದು ವಾರ ಕೊಡಿ. ಮುಖ್ಯ ಕಚೇರಿಯವರು ತಕರಾರು ತೆಗೆದರೆ, ಇಂಗ್ಲಿಷ್ ಪ್ರತಿಯೂ ಕಪಾಟಿನಲ್ಲಿ ಇದೆ, ಬೇಕಾದವರು ನೋಡಬಹುದು ಎಂದು ಕನ್ನಡ ಪ್ರತಿಯ ಕೊನೆಯಲ್ಲಿ ಒಂದು ಸಾಲು ಸೇರಿಸಿದರಾಯಿತು.

ಪ್ರಶ್ನೆ: ಚಳ್ಳಕೆರೆಯಲ್ಲಿ ನಮ್ಮದು ಅಡುಗೆ ಎಣ್ಣೆಯ ಸಗಟು ಅಂಗಡಿ. ಒಟ್ಟು ಆರು ಜನ ಕೆಲಸಗಾರರು. ನಮ್ಮ ತಂದೆಯವರ ಕಾಲದಿಂದಲೂ ಹೊಸಬರು ಬಂದಾಗ ಒಂದು ಕಂಬಳಿ ಹೊದೆಸುವುದು ಪದ್ಧತಿ. ಓದಿದ ನನ್ನ ಮಗ ಇದು ಹಳೆಯದಾಯಿತು, ಕಿಟ್ ಮಾಡೋಣ ಎನ್ನುತ್ತಾನೆ. ಇಷ್ಟು ಸಣ್ಣ ಅಂಗಡಿಗೆ ಇವೆಲ್ಲ ಬೇಕೆ?

ಉತ್ತರ: ಕಂಬಳಿಯನ್ನು ಬಿಡಬೇಡಿ. ಕಂಬಳಿಗೆ ಹೆಸರಾದ ಚಳ್ಳಕೆರೆಯವರೇ ಅದು ಹಳೆಯದಾಯಿತೆಂದರೆ ಉಳಿದವರು ಏನು ಹೇಳಬೇಕು? ನಿಮ್ಮ ಮಗನಿಗೆ ಬೇರೆ ಕೆಲಸ ಒಪ್ಪಿಸಿ.

ಆರು ಜನರಿರುವ ಅಂಗಡಿಗೆ ಪಿಎಫ್ ಆಗಲಿ ಇಎಸ್‌ಐ ಆಗಲಿ ಕಡ್ಡಾಯವಿಲ್ಲ. ಅಂದರೆ ಡಬ್ಬಿ ಇಳಿಸುವಾಗ ಯಾರಿಗಾದರೂ ಪೆಟ್ಟಾದರೆ ಆ ಕುಟುಂಬಕ್ಕೆ ಇಎಸ್‌ಐ ಆಸರೆ ಇಲ್ಲ ಎಂದಾಯಿತು. ಬ್ಯಾಂಕ್ ಖಾತೆಯ ಮೂಲಕ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಜೀವನಜ್ಯೋತಿ ಬಿಮಾ ಯೋಜನೆಗೆ 436 ರೂಪಾಯಿ ಕಟ್ಟಿದರೆ ಮೊದಲನೆಯದರಲ್ಲಿ ಅಪಘಾತದಿಂದ ಸಾವಾದರೆ 2 ಲಕ್ಷ, ಎರಡನೆಯದರಲ್ಲಿ ಯಾವ ಕಾರಣದಿಂದ ಸಾವಾದರೂ 2 ಲಕ್ಷ ರೂಪಾಯಿ ಕುಟುಂಬಕ್ಕೆ ಸಿಗುತ್ತದೆ. ಎರಡನೆಯದಕ್ಕೆ ಸೇರಲು 50 ವರ್ಷ ದಾಟಿರಬಾರದು. ತಲೆಗೆ 456 ರೂಪಾಯಿಯನ್ನು ನೀವೇ ಅವರ ಖಾತೆಗೆ ಹಾಕಿ, ನಮೂನೆ ತುಂಬಿಸುವುದನ್ನು ಮಗನಿಗೆ ವಹಿಸಿ. ಪ್ರತಿವರ್ಷ ಮೇ ಕೊನೆಯ ಹೊತ್ತಿಗೆ ಬ್ಯಾಂಕಿನವರು ಹಣ ಹಿಡಿದುಕೊಳ್ಳುವುದರಿಂದ ಆ ತಿಂಗಳು ಖಾತೆಯಲ್ಲಿ ಅಷ್ಟು ಹಣ ಇರುವಂತೆ ನೋಡಿಕೊಳ್ಳುವುದೂ ಅವನ ಕೆಲಸವಾಗಲಿ.

ಅಂಗಡಿ ಎಷ್ಟೇ ಸಣ್ಣದಿದ್ದರೂ ಬರಹದ ನೇಮಕಾತಿ ಆದೇಶ ಬೇಕು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅದಕ್ಕೆ ಸೇರಿದ ದಿನದಿಂದ 30 ದಿನಗಳ ಗಡುವು ಹಾಕಿದೆ. ಅಂಗಡಿಯ ಲೆಟರ್‌ಹೆಡ್‌ನಲ್ಲಿ ಹೆಸರು, ಕೆಲಸ, ಸಂಬಳ, ಸೇರಿದ ತಾರೀಖು, ವಾರದಲ್ಲಿ ಯಾವ ದಿನ ರಜೆ ಎಂದು ಹತ್ತು ಸಾಲು ಬರೆದು ಸಹಿ ಮಾಡಿ, ಅದನ್ನು ಮಡಚಿ ಕಂಬಳಿಯ ಜೊತೆಗೇ ಕೈಗಿಡಿ. ವಾರದ ರಜೆಯ ದಿನವನ್ನು ಬರೆಯಲು ಮಾತ್ರ ಮರೆಯಬೇಡಿ; ಸಗಟು ಅಂಗಡಿಗಳಲ್ಲಿ ಅದನ್ನು ಬಾಯಿಮಾತಿನಲ್ಲಿ ಹೇಳಿ, ಲಾರಿ ಬಂದ ಭಾನುವಾರ ಮರೆಯುವುದು ನಿಮ್ಮ ಅಂಗಡಿಯಲ್ಲಿಯೂ ನಡೆದಿರಬಹುದು.